ಸುಟ್ಟು ಹೋಗೋ ಲೋಕದಲ್ಲಿ ಗಿಡ ಯಾಕೆ ನೆಡಬೇಕು ಟೀಚರ್?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ಸಂಚಿಕೆಯಲ್ಲಿ ಸತ್ಯವೇದದ, ಅಂದ್ರೆ ಬೈಬಲಿನ, ಯೆಶಾಯ 58ನೇ ಅಧ್ಯಾಯದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ದೇವರು ಕೇಳೋ ಉಪವಾಸ ಅಂದ್ರೆ ಬರೀ ಊಟ ಬಿಡೋದಲ್ಲ, ಹಸಿದವರ ಜೊತೆ ಅನ್ನ ಹಂಚ್ಕೊಳ್ಳೋದು, ನೊಗ ಮುರಿಯೋದು, ಬಿದ್ದುಹೋದ ಗೋಡೆ ಮತ್ತೆ ಕಟ್ಟೋದು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲಾದಕ್ಕೂ ಉತ್ತರ ಬರೆಯೋಕೆ ಜಾಗ ಸಾಲಲ್ಲ, ಆರು ಪತ್ರ ತಗೊಂಡಿದ್ದೀನಿ. ಮೊದಲನೇದಕ್ಕೆ ಜಾಸ್ತಿ ಜಾಗ ಹೋಗಿದೆ, ಬೇರೆಯವರು ದಯವಿಟ್ಟು ಬೇಜಾರ್ ಮಾಡ್ಕೋಬೇಡಿ, ಅದು ಇತ್ಯರ್ಥ ಆಗದೆ ಮಿಕ್ಕಿದ್ದಕ್ಕೆ ಉತ್ತರ ಹೇಳೋಕೆ ಆಗಲ್ಲ.

ಪ್ರಶ್ನೆ: ಟೀಚರ್, ನಾನು ಡಿಗ್ರಿ ಎರಡನೇ ವರ್ಷ. ಕಾಲೇಜಿನ ಎನ್ನೆಸ್ಸೆಸ್ ಕಡೆಯಿಂದ ಕೆರೆ ಕ್ಲೀನ್ ಮಾಡೋಕೆ, ಗಿಡ ನೆಡೋಕೆ ಹೋಗ್ತೀನಿ. ನಮ್ಮ ಯೂತ್ ಫೆಲೋಶಿಪ್‌ನಲ್ಲಿ ಒಬ್ಬ ಅಣ್ಣ "2 ಪೇತ್ರ 3:10 ಓದು, ಭೂಮಿ ಮೇಲಿರೋದೆಲ್ಲಾ ಸುಟ್ಟು ಹೋಗುತ್ತೆ, ನಾಳೆ ಕೆಡವೋ ಮನೆಗೆ ಇವತ್ತು ಸುಣ್ಣ ಯಾಕೆ ಹೊಡೀತೀಯ, ಆತ್ಮಗಳನ್ನ ಗೆಲ್ಲು" ಅಂದ್ರು. ನಂಗೆ ಏನೂ ಹೇಳೋಕಾಗ್ಲಿಲ್ಲ, ಆದ್ರೆ ಕೆರೆಗೆ ಹೋಗೋದು ಬಿಡೋಕೂ ಮನಸ್ಸಿಲ್ಲ. ನಾನು ಮಾಡ್ತಿರೋದು ತಪ್ಪಾ?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ತಪ್ಪಲ್ಲ ಮಗಳೇ, ಬಿಡಬೇಡ. ಆ ಅಣ್ಣನ ಮೇಲೂ ಕೋಪ ಮಾಡ್ಕೋಬೇಡ, ಅದು ಅವರೇ ಹುಟ್ಟಿಸಿದ ಮಾತಲ್ಲ, ನಾನೂ ಚಿಕ್ಕವಳಿದ್ದಾಗ ಕನ್ವೆನ್ಶನ್ ಪೆಂಡಾಲ್‌ನಲ್ಲಿ ಕೂತು ಇದನ್ನೇ ಕೇಳ್ಕೊಂಡು ಬೆಳೆದವಳು, ಒಂದ್ಸಲ ರಾತ್ರಿ ಮನೆಗೆ ಬಂದು ಹಿತ್ತಲಲ್ಲಿದ್ದ ಹಲಸಿನ ಮರ ನೋಡಿ ಇದೂ ಸುಟ್ಟು ಹೋಗುತ್ತಾ ಅಂತ ಅಮ್ಮನ ಸೆರಗು ಹಿಡ್ಕೊಂಡು ಅತ್ತಿದ್ದು ಇನ್ನೂ ನೆನಪಿದೆ.

ಮೊದ್ಲು ಆ ವಚನನೇ ನೋಡೋಣ. "ಸುಟ್ಟು ಹೋಗುತ್ತೆ" ಅನ್ನೋ ಮಾತು ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ಇದೆ. ಆದ್ರೆ ನಮಗೆ ಸಿಕ್ಕಿರೋ ತುಂಬಾ ಹಳೇ ಪ್ರತಿಗಳು, ಅಂದ್ರೆ 4ನೇ ಶತಮಾನದ ಸಿನಾಯ್ ಪ್ರತಿ, ವ್ಯಾಟಿಕನ್ ಪ್ರತಿ ಅಂತಾರಲ್ಲ, ಅವುಗಳಲ್ಲಿ ಆ ಜಾಗದಲ್ಲಿರೋ ಕ್ರಿಯಾಪದಕ್ಕೆ "ಕಂಡುಬರುತ್ತೆ", "ಬಯಲಾಗುತ್ತೆ" ಅಂತ ಅರ್ಥ. ಈಗಿನ ಎಷ್ಟೋ ಭಾಷಾಂತರಗಳು ಅದನ್ನೇ ತಗೊಂಡಿವೆ. ಅಲ್ಲಿ ಬೆಂಕಿ ಇಲ್ವಾ ಅಂದ್ರೆ ಇದೆ, ಖಂಡಿತ ಇದೆ, ಆದ್ರೆ ಅಕ್ಕಸಾಲಿಗ ಚಿನ್ನನ ಬೆಂಕಿಗೆ ಹಾಕೋದು ಚಿನ್ನ ಬೇಡ ಅಂತಲ್ಲ ಅಲ್ವಾ, ಮಲಾಕಿ ಪ್ರವಾದಿ ದೇವರನ್ನ ಅಕ್ಕಸಾಲಿಗನ ಬೆಂಕಿಗೇ ಹೋಲಿಸ್ತಾನೆ. ಇನ್ನೊಂದು ವಿಷಯ, ಪೇತ್ರ ಅದೇ ಅಧ್ಯಾಯದ 6ನೇ ವಚನದಲ್ಲಿ ನೋಹನ ಕಾಲದ ಲೋಕ ಜಲಪ್ರಳಯದಲ್ಲಿ ನಾಶ ಆಯ್ತು ಅಂತಾನೆ, ಆದ್ರೆ ನೋಹ ನಾವೆಯಿಂದ ಇಳಿದದ್ದು ಯಾವ ಬೇರೆ ಲೋಕದ ಮೇಲೆ? ಅದೇ ಮಣ್ಣಿನ ಮೇಲೆ ತಾನೆ, ಇಳಿದವನು ದ್ರಾಕ್ಷಿತೋಟ ನೆಟ್ಟ. ನಾಶ ಆಗಿದ್ದು ಆ ಲೋಕದ ಅನ್ಯಾಯ. ಹಾಗೇ 13ನೇ ವಚನಕ್ಕೆ ಬಂದ್ರೆ ನಾವು ಎದುರು ನೋಡ್ತಿರೋದು ನೀತಿ ವಾಸ ಮಾಡೋ ಹೊಸ ಆಕಾಶ ಮತ್ತು ಹೊಸ ಭೂಮಿನ ಅಂತ ಬರೆದಿದೆ, ಭೂಮಿ ಅನ್ನೋ ಮಾತು ಅಲ್ಲಿಂದ ಹೋಗೇ ಇಲ್ಲ.

ಸತ್ಯವೇದದ ಕೊನೇ ಪುಟಗಳಿಗೆ ಹೋಗು, ಪ್ರಕಟನೆ 21. ಜನ ಎಲ್ಲಾ ಭೂಮಿ ಬಿಟ್ಟು ಮೇಲಕ್ಕೆ ಹೋಗೋದನ್ನ ಯೋಹಾನ ಅಲ್ಲಿ ನೋಡಲ್ಲ, ಪಟ್ಟಣ ಮೇಲಿಂದ ಇಳಿದು ಬರೋದನ್ನ ನೋಡ್ತಾನೆ, ದೇವರು ಬಂದು ಮನುಷ್ಯರ ಜೊತೆ ವಾಸ ಮಾಡ್ತಾರೆ. ಸಿಂಹಾಸನದ ಮೇಲೆ ಕೂತವರು ಇಗೋ ಎಲ್ಲಾ ಹೊಸದು ಮಾಡ್ತೀನಿ ಅಂತಾರೆ. ಎಲ್ಲಾ ಬಿಸಾಕಿ ಬೇರೆ ತರ್ತೀನಿ ಅಂತ ಹೇಳಲ್ಲ ನೋಡು. ನಮ್ಮ ಬೀದಿಗೆ ವರ್ಷಕ್ಕೊಂದ್ಸಲ ಕಲಾಯಿ ಸಾಬ್ರು ಬರ್ತಿದ್ರು, ನೀನು ನೋಡಿರಲ್ಲ, ನೆಲದಲ್ಲಿ ಸಣ್ಣ ಗುಂಡಿ ತೋಡಿ ತಿದಿ ಒತ್ತಿ ಇದ್ದಿಲು ಉರಿಸಿ, ಕಿಲುಬು ಹಿಡಿದ ಹಿತ್ತಾಳೆ ಪಾತ್ರೆನ ಕೆಂಪಗೆ ಕಾಯಿಸಿ, ನವಸಾಗರ ಹಾಕಿ ತಿಕ್ಕಿ ತವರ ಬಳೀತಿದ್ರು, ಗಪ್ಪಂತ ಹೊಗೆ ಏಳೋದು, ಪಾತ್ರೆ ಒಳಗೆಲ್ಲಾ ಬೆಳ್ಳಿ ಥರ ಆಗೋದು. ನಮ್ಮಜ್ಜಿ ಹೆಸರು ಕೆತ್ತಿದ್ದ ತಪ್ಪಲೆ ಒಂದಿತ್ತು, ಕಲಾಯಿ ಆದ್ಮೇಲೂ ಆ ಹೆಸರು ಹಾಗೇ ಇರ್ತಿತ್ತು, ಮೂಲೇಲಿದ್ದ ನೆಗ್ಗು ಕೂಡ. ನಾನು ಪ್ರಕಟನೆ 21 ಓದುವಾಗೆಲ್ಲಾ ಆ ತಪ್ಪಲೆನೇ ಕಣ್ಮುಂದೆ ಬರೋದು.

ಇದು ನನ್ನ ಕಲ್ಪನೆ ಅಂತ ಯಾರಾದ್ರೂ ಅಂದ್ರೆ ಪುನರುತ್ಥಾನದ ಭಾನುವಾರ ನೋಡು ಅಂತ ಹೇಳು. ಸಮಾಧಿ ಖಾಲಿ ಇತ್ತು. ದೇವರು ಯೇಸು ಸ್ವಾಮಿಯ ಹಳೇ ದೇಹನ ಗುಹೆಯಲ್ಲೇ ಬಿಟ್ಟು ಬೇರೆ ಒಂದನ್ನ ಕೊಡಲಿಲ್ಲ, ಮೊಳೆ ಬಡಿದಿದ್ದ ಅದೇ ಕೈ, ತೋಮ ಮುಟ್ಟಿ ನೋಡ್ಬಹುದಾಗಿದ್ದ ಅದೇ ಪಕ್ಕೆ, ಸುಟ್ಟ ಮೀನು ತಿಂದ ಅದೇ ಬಾಯಿ, ಆದ್ರೆ ಸಾವಿಲ್ಲದ್ದು. ಯೋಹಾನ 20ರಲ್ಲಿ ಮಗ್ದಲದ ಮರಿಯಳು ಅವರನ್ನ ತೋಟಗಾರ ಅಂತ ಅಂದ್ಕೋತಾಳೆ. ಅದು ಬರೀ ತಪ್ಪು ತಿಳುವಳಿಕೆ ಅಂತ ನಂಗೆ ಅನ್ನಿಸಲ್ಲ, ಆದಿಕಾಂಡ 2:15ರಲ್ಲಿ ದೇವರು ಮೊದಲ ಮನುಷ್ಯನಿಗೆ ಕೊಟ್ಟ ಕೆಲಸ ಏನು, ತೋಟ ವ್ಯವಸಾಯ ಮಾಡೋದು, ಕಾಯೋದು. ಅವನು ಕೈಬಿಟ್ಟ ಕೆಲಸನ ಇವರು ಮತ್ತೆ ಶುರು ಮಾಡಿದ್ದು ಒಂದು ತೋಟದಲ್ಲೇ.

ಇನ್ನೊಂದು ಜಾಗ ನಂಗೆ ತುಂಬಾ ಇಷ್ಟ. 1 ಕೊರಿಂಥ 15, ಪುನರುತ್ಥಾನದ ಬಗ್ಗೆ ಪೌಲ ಬರೆದ ದೊಡ್ಡ ಅಧ್ಯಾಯ. ಅಷ್ಟೆಲ್ಲಾ ಬರೆದು ಕೊನೇಲಿ ಏನಂತಾನೆ, ಆದ್ದರಿಂದ ನೀವು ಆರಾಮಾಗಿ ಕೂತು ಕಾಯಿರಿ ಅಂತಲ್ಲ, ಕರ್ತನಲ್ಲಿ ನೀವು ಪಡೋ ಪ್ರಯಾಸ ವ್ಯರ್ಥ ಆಗಲ್ಲ, ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಿ ಅಂತಾನೆ. ಅಲ್ಲಿಗೆ ಅಧ್ಯಾಯ ಮುಗೀತು ಅಂತ ನಾವು ಪುಸ್ತಕ ಮುಚ್ಚಿಬಿಡ್ತೀವಿ, ಅಧ್ಯಾಯದ ನಂಬರ್ ಹಾಕಿದ್ದು ಎಷ್ಟೋ ಶತಮಾನ ಆದ್ಮೇಲೆ, ಪೌಲನ ಕಾಗದದಲ್ಲಿ ಅದರ ಮುಂದಿನ ಸಾಲೇ ಬಡವರಿಗೋಸ್ಕರ ಹಣ ಕೂಡಿಸೋ ವಿಷಯ. ಸತ್ತವರು ಎದ್ದು ಬರ್ತಾರೆ ಅನ್ನೋ ಮಾತಿಗೂ ಯೆರೂಸಲೇಮಿನ ಬಡವರ ಹೊಟ್ಟೆಗೂ ನಡುವೆ ಅವನು ಒಂದು ಉಸಿರು ಕೂಡ ಬಿಡಲ್ಲ.

ಆತ್ಮಗಳನ್ನ ಗೆಲ್ಲೋದು, ಅಂದ್ರೆ ಜನರನ್ನ ಯೇಸು ಸ್ವಾಮಿ ಹತ್ರ ಕರ್ಕೊಂಡು ಬರೋದು, ಬೇಡ ಅಂತ ನಾನು ಹೇಳ್ತಿಲ್ಲ. ಯಾರಾದ್ರೂ ನೀನ್ಯಾಕಮ್ಮ ಭಾನುವಾರ ಮಧ್ಯಾಹ್ನ ಈ ಕೊಚ್ಚೇಲಿ ಇಳೀತೀಯ ಅಂತ ಕೇಳಿದ್ರೆ ಯೇಸು ಸ್ವಾಮಿ ಹೆಸರು ಹೇಳೋಕೆ ನಾಚ್ಕೋಬೇಡ. ರೋಮಾಪುರದವರಿಗೆ 8ರಲ್ಲಿ ಸೃಷ್ಟಿಯೆಲ್ಲಾ ಹೆರಿಗೆ ನೋವಲ್ಲಿ ನರಳ್ತಿದೆ, ದೇವರ ಮಕ್ಕಳು ಕಾಣಿಸ್ಕೊಳ್ಳೋದನ್ನ ಕಾಯ್ತಿದೆ ಅಂತ ಇದೆ. ಆ ಅಣ್ಣನ್ನೂ ಒಂದು ಭಾನುವಾರ ಕೆರೆಗೆ ಕರ್ಕೊಂಡು ಹೋಗು, ವಾದ ಮಾಡ್ಬೇಡ, ಒಂದು ಗ್ಲೌಸ್ ಕೊಡು ಸಾಕು.

ಪ್ರಶ್ನೆ: ನಾನೂ ನಮ್ಮನೆಯವರೂ ಸಾಯಂಕಾಲ ಮನೆ ಜಗಲೀಲಿ ಕೂಲಿ ಕೆಲಸದವರ ಮಕ್ಕಳಿಗೆ ಫ್ರೀ ಟ್ಯೂಷನ್ ಹೇಳ್ಕೊಡ್ತೀವಿ. ಈಗ ಓಣೀಲಿ ಕೆಲವರು ಇದು ಮತಾಂತರ ಮಾಡೋ ಪ್ಲ್ಯಾನ್ ಅಂತ ಮಾತಾಡ್ತಿದ್ದಾರೆ. ನಮ್ಮ ಸಭೆಯವರೇ (ಚರ್ಚಿನವರೇ) ಒಬ್ರು "ಒಬ್ಬರೂ ಸಭೆಗೆ ಬಂದಿಲ್ಲ ಅಂದ್ರೆ ಏನ್ ಪ್ರಯೋಜನ" ಅಂತಾರೆ. ಎರಡೂ ಕಡೆಯಿಂದ ಏಟು. ನಿಲ್ಲಿಸ್ಬಿಡೋಣ ಅನ್ನಿಸ್ತಿದೆ.
(ದಂಪತಿ, ಹಾಸನ)

ಉತ್ತರ: ನಿಲ್ಲಿಸ್ಬೇಡಿ. ಮೊದ್ಲು ಸಭೆಯವರಿಗೆ ಉತ್ತರ ಹೇಳ್ತೀನಿ. ಲೂಕ 17ರಲ್ಲಿ ಯೇಸು ಸ್ವಾಮಿ ಹತ್ತು ಜನ ಕುಷ್ಠರೋಗಿಗಳನ್ನ ವಾಸಿ ಮಾಡಿದ್ರು, ತಿರುಗಿ ಬಂದಿದ್ದು ಒಬ್ಬ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಕೇಳಿದ್ರು, ಮನಸ್ಸಿಗೆ ನೋವಾಗಿತ್ತು ಅಂತ ಕಾಣುತ್ತೆ, ಆದ್ರೆ ಬರದೇ ಇದ್ದವರ ಮೈಮೇಲೆ ಕುಷ್ಠ ವಾಪಸ್ ಬರ್ಲಿ ಅನ್ನಲಿಲ್ಲ. ಆ ಮಕ್ಕಳಿಗೆ ಮಗ್ಗಿ ಬಂದ್ರೆ, ಓದೋಕೆ ಬಂದ್ರೆ, ಪ್ರಯೋಜನ ಅದೇ. ಇದಕ್ಕಿಂತ ದೊಡ್ಡ ಪ್ರಯೋಜನಕ್ಕೆ ಇದು ಏಣಿ ಅಂತ ಅಂದ್ಕೊಂಡ ಕೂಡ್ಲೇ ಆ ಮಗು ನಿಮ್ಮ ಕಣ್ಣಿಗೆ ಮಗು ಆಗಿ ಕಾಣೋದು ನಿಂತುಹೋಗುತ್ತೆ.

ನಮ್ಮ ಹಿರಿಯರು ಮಾಡಿದ್ದನ್ನ ಸ್ವಲ್ಪ ನೆನೆಸ್ಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು. ಅಲ್ಲಿ ಕ್ರೈಸ್ತರಾದವರನ್ನ ಮನೆಯವರು ಹೊರಗೆ ಹಾಕ್ತಿದ್ರು, ಕುಲಕಸುಬು, ಗೇಣಿ ಭೂಮಿ ಎಲ್ಲಾ ಕೈತಪ್ಪಿ ಹೋಗೋದು, ಹೊಟ್ಟೆಗೆ ದಾರಿ ಇರ್ತಿರ್ಲಿಲ್ಲ, ಅದಕ್ಕೇ ನೇಯ್ಗೆ, ಹೆಂಚಿನ ಕಾರ್ಖಾನೆ ಶುರುವಾಗಿದ್ದು, ಪ್ಲೆಬ್ಸ್ಟ್ ಅನ್ನೋರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ್ರು, ಆಮೇಲೆ ಮಂಗಳೂರು ಹೆಂಚು ಎಷ್ಟು ಜಾತಿ, ಎಷ್ಟು ಧರ್ಮದವರ ಮನೆ ಮೇಲೆ ಕೂತಿತು ಅಂತ ನಿಮಗೇ ಗೊತ್ತು. 1843ರಲ್ಲಿ ಅದೇ ಮಿಷನ್ನಿನ ಮೊಗ್ಲಿಂಗ್ ತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ, ಕಿಟ್ಟೆಲ್ ಅವರ ನಿಘಂಟು ಬಂದಿದ್ದು 1894ರಲ್ಲಿ, ಸುಮಾರು 70,000 ಪದ, ಅದನ್ನ ಇವತ್ತಿಗೂ ತೆಗೆದು ನೋಡೋರು ಯಾವ ಧರ್ಮ ಅಂತ ಆ ಪುಸ್ತಕ ಕೇಳಲ್ಲ. ಅದೇ ಮಂಗಳೂರಿನ ಕಂಕನಾಡಿಯಲ್ಲಿ ಕಥೋಲಿಕರ ಜೆಸ್ವಿತ್ ಸಂಘದ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ್ರು, 1890ರಲ್ಲಿ ಯಾರೂ ಹತ್ರ ಸೇರಿಸದ ಕುಷ್ಠರೋಗಿಗಳಿಗೆ ಜಾಗ ಮಾಡಿದ್ರು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ 1906ರದ್ದು, ನಾನು ಹುಟ್ಟಿದ್ದು ಅಲ್ಲೇ, ನಮ್ಮ ಪಕ್ಕದ ಮನೆ ಅಯ್ಯಂಗಾರ್ ಹುಡುಗ, ಎದುರುಮನೆ ಫಾತಿಮಾಳ ಅಕ್ಕ, ಎಲ್ಲಾ ಅಲ್ಲೇ ಹುಟ್ಟಿದ್ದು.

ಆ ಮಿಷನರಿಗಳಿಗೆ ಜನ ಕ್ರೈಸ್ತರಾಗ್ಲಿ ಅನ್ನೋ ಆಸೆ ಇರ್ಲಿಲ್ಲ ಅಂತ ನಾನು ಹೇಳಲ್ಲ, ಇತ್ತು, ಅವರು ಬಂದಿದ್ದೇ ಅದಕ್ಕೆ. ವಿದೇಶಿ ಆಳ್ವಿಕೆಯ ನೆರಳಲ್ಲೇ ಕೆಲಸ ಮಾಡಿದ್ರು ಅನ್ನೋದೂ ನಿಜ, ಆ ಹೆಂಚಿನ ಭಟ್ಟಿಗಳಿಗೆ ಎಷ್ಟು ಮರ ಸುಟ್ಟಿರಬೇಕು ಅಂತ ಯೋಚ್ನೆ ಮಾಡಿದ್ರೆ ಇವತ್ತು ನಂಗೆ ಸಂಕಟ ಆಗುತ್ತೆ. ಆದ್ರೆ ಅವರು ಬಿಟ್ಟು ಹೋದದ್ದರಲ್ಲಿ ಗಟ್ಟಿಯಾಗಿ ಉಳಿದಿರೋದು ಎಲ್ಲರಿಗೂ ಸೇರಿದ್ದೇ.

ಇನ್ನು ಓಣಿಯವರ ವಿಷಯ. ಬಾಗಿಲು ತೆರೆದಿಡಿ. ಮಕ್ಕಳ ಅಪ್ಪ ಅಮ್ಮನ್ನ ಕರೆದು ಕೂರಿಸಿ, ಏನ್ ಹೇಳ್ಕೊಡ್ತೀವಿ ಅಂತ ತೋರಿಸಿ, ಅನುಮಾನ ಇರೋರನ್ನೂ ಕರೀರಿ, ಅವರಲ್ಲಿ ಯಾರಿಗಾದ್ರೂ ಲೆಕ್ಕ ಚೆನ್ನಾಗಿ ಬಂದ್ರೆ ನೀವೂ ಒಂದು ದಿನ ಹೇಳ್ಕೊಡಿ ಅಂತ ಕೇಳಿ. ಟ್ಯೂಷನ್ ಹೊತ್ತಲ್ಲಿ ಪ್ರಾರ್ಥನೆ ಮಾಡಿಸ್ಬೇಡಿ, ಪಾಠದ ಜೊತೆ ಕರಪತ್ರ ಇಡಬೇಡಿ. ಹೆದರಿ ಹೇಳ್ತಿಲ್ಲ ಇದನ್ನ, ಅಪ್ಪ ಅಮ್ಮ ನಂಬಿ ಕಳಿಸಿರೋ ಮಗು ಅದು. ನಿಮ್ಮ ಪ್ರಾರ್ಥನೆ ಮಕ್ಕಳು ಹೋದ್ಮೇಲೆ ಇಬ್ಬರೇ ಕೂತು ಮಾಡಿ, ಒಂದೊಂದು ಮಗುವಿನ ಹೆಸರು ಹೇಳಿ ಮಾಡಿ.

ಪ್ರಶ್ನೆ: ನಮ್ಮ ದೇವಾಲಯದ ಕಾಂಪೌಂಡ್‌ನಲ್ಲಿ ಎರಡು ದೊಡ್ಡ ಮಳೆಮರ ಇತ್ತು. ಕಾರ್ ನಿಲ್ಲಿಸೋಕೆ ಅಂತ ಕಮಿಟಿಯವರು ಕಡಿಸಿ ಪೂರ್ತಿ ಇಂಟರ್‌ಲಾಕ್ ಹಾಕ್ಸಿದ್ರು. ನಾನು ಮಾತಾಡಿದ್ರೆ "ಇದು ಆತ್ಮಿಕ ವಿಷಯ ಅಲ್ಲಮ್ಮ, ಅಡ್ಮಿನಿಸ್ಟ್ರೇಶನ್" ಅಂದ್ರು. ಹೆಂಗಸರು ಏನಾದ್ರೂ ಮಾಡ್ಬಹುದಾ?
(ಸ್ತ್ರೀ ಸಂಘದ ಸದಸ್ಯೆ, ತುಮಕೂರು)

ಉತ್ತರ: ನಿಮ್ಮ ಪತ್ರ ಓದಿ ನಂಗೂ ಹೊಟ್ಟೆ ಉರೀತು. ಮಾಡ್ಬಹುದು, ಹೆಂಗಸರೇ ಮಾಡ್ಬೇಕು.

ಇಥಿಯೋಪಿಯ ದೇಶದ ಅಮ್ಹಾರ ಪ್ರಾಂತ್ಯದ ಬಗ್ಗೆ ಹೇಳ್ತೀನಿ ಕೇಳಿ. ಅಲ್ಲಿ ಬೇಸಾಯಕ್ಕೆ, ದನ ಮೇಯಿಸೋಕೆ ಅಂತ ಹೆಚ್ಚುಕಡಿಮೆ ಎಲ್ಲಾ ಕಾಡೂ ಹೋಗಿದೆ, ಮೇಲಿಂದ ನೋಡಿದ್ರೆ ಒಣಗಿದ ಕಂದು ಬಣ್ಣದ ಹೊಲಗಳು, ಮಧ್ಯೆ ಮಧ್ಯೆ ಹಸಿರು ಬೊಟ್ಟು ಇಟ್ಟ ಹಾಗೆ ಸಣ್ಣ ಸಣ್ಣ ಕಾಡು. ಒಂದೊಂದು ಬೊಟ್ಟಿನ ನಡುವೆ ಒಂದು ದೇವಾಲಯ. ಅಲ್ಲಿನ ಆರ್ಥೊಡಾಕ್ಸ್ ಸಭೆಯವರು ದೇವಾಲಯಕ್ಕೆ ಕಾಡೇ ಉಡುಗೆ ಅಂತ ನಂಬಿ ತಲೆಮಾರುಗಳಿಂದ ಕಾಪಾಡ್ಕೊಂಡು ಬಂದಿದ್ದಾರೆ, ಆ ಕಡೆ ಬೇರೆಲ್ಲೂ ಉಳಿದಿರದ ಮರ, ಪಕ್ಷಿ, ಜೇನು ಅಲ್ಲಿ ಇವೆ, ಊಟೆ ನೀರು ಇದೆ. ಆದ್ರೆ ಅಂಚಿನಲ್ಲಿ ದನ ನುಗ್ಗಿ ಸಸಿ ಮೇಯ್ದು ಆ ಕಾಡೂ ಸವೀತಾ ಇತ್ತು. ಅಲೆಮಾಯೆಹು ವಾಸ್ಸೀ ಅನ್ನೋ ಆ ದೇಶದ್ದೇ ವಿಜ್ಞಾನಿ, ಅಮೆರಿಕದ ಮೆಗ್ ಲೋಮನ್ ಜೊತೆ ಸೇರಿ, ಅಲ್ಲಿನ ಗುರುಗಳ ಹತ್ರ ಕೂತು ಮಾತಾಡಿದ್ರು, ಊರಿನವರು ತಮ್ಮ ಹೊಲದಲ್ಲಿದ್ದ ಕಲ್ಲುಗಳನ್ನೇ ಆರಿಸಿ ತಂದು ಕಾಡಿನ ಸುತ್ತ ಗೋಡೆ ಕಟ್ಟಿದ್ರು, ಹೊಲನೂ ಹದವಾಯ್ತು, ಕಾಡಿನ ಒಳಗೆ ಸಸಿನೂ ಏಳೋಕೆ ಶುರುವಾಯ್ತು. ಓದಿದಾಗ ನಂಗೆ ನಮ್ಮ ಕೊಡಗಿನ ದೇವರಕಾಡುಗಳೇ ಜ್ಞಾಪಕ ಬಂದವು. ದೇವರ ಜಾಗದ ಮರ ಕಡಿಯೋಕೆ ಕೈ ನಡುಗಬೇಕು ಅನ್ನೋದು ಕೊಡಗಿನವರಿಗೂ ಗೊತ್ತು, ಇಥಿಯೋಪಿಯದ ಕ್ರೈಸ್ತರಿಗೂ ಗೊತ್ತು.

ಈಗ ಕೆಲಸಕ್ಕೆ ಬರೋ ಮಾತು. ಹೋದ ಮರ ಬರಲ್ಲ, ಅದರ ಜಗಳದಲ್ಲಿ ವರ್ಷ ಕಳೀಬೇಡಿ. ಕಮಿಟಿಯವರಿಗೆ ಲೆಕ್ಕ ಅರ್ಥ ಆಗುತ್ತೆ, ಲೆಕ್ಕ ತಗೊಂಡು ಹೋಗಿ. 100 ಚದರ ಮೀಟರ್ ಚಾವಣಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 100 ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂತ ಇಟ್ಕೊಂಡ್ರೂ 70,000 ಲೀಟರ್, ಸೋರಿ ಆವಿಯಾಗಿ ಹೋಗಿದ್ದನ್ನ ಕಳೆದ್ರೂ 50,000ಕ್ಕೆ ಮೋಸ ಇಲ್ಲ, ದೇವಾಲಯದ ಚಾವಣಿ ಇದಕ್ಕಿಂತ ದೊಡ್ಡದೇ ಇರುತ್ತೆ. ಈಗ ಆ ನೀರೆಲ್ಲಾ ಇಂಟರ್‌ಲಾಕ್ ಮೇಲೆ ಹರಿದು ಚರಂಡಿ ಸೇರ್ತಿದೆ, ನೀವು ಬೇಸಿಗೇಲಿ ಟ್ಯಾಂಕರ್ ತರಿಸ್ತಿದ್ದೀರಿ. ಒಂದು ಇಂಗುಗುಂಡಿ ಕೇಳಿ. ಗೋಡೆ ಬದೀಲಿ ನಾಲ್ಕು ಸಾಲು ಇಂಟರ್‌ಲಾಕ್ ಕಿತ್ತು ಹೊಂಗೆ, ಬೇವು ನೆಡೋಕೆ ಜಾಗ ಕೇಳಿ, ಬಿಸಿಲಲ್ಲಿ ಕಾದು ಕೆಂಡ ಆಗೋ ಕಾರಿಗೂ ನೆರಳು ಬೇಕು ತಾನೆ. ಪ್ರೀತಿಭೋಜನಕ್ಕೆ ಪೇಪರ್ ಪ್ಲೇಟ್ ಬದ್ಲು ಸ್ತ್ರೀ ಸಂಘದ ಹೆಸರಲ್ಲಿ 200 ಸ್ಟೀಲ್ ತಟ್ಟೆ ತಗೊಳ್ಳಿ, ಸುಗ್ಗಿ ಹಬ್ಬದ ಹರಾಜಿನ ದುಡ್ಡಲ್ಲಿ ಒಂದು ಭಾಗ ಸಾಕು. ತೊಳೆಯೋ ಕೆಲಸ ಮಾತ್ರ ಹೆಂಗಸರ ತಲೆಗೇ ಬರದ ಹಾಗೆ ಮೊದಲೇ ಮಾತಾಡ್ಕೊಳ್ಳಿ, ತಿಂದವರು ತಟ್ಟೆ ತೊಳೀಲಿ, ಕಾರ್ಯದರ್ಶಿಗಳಿಂದಲೇ ಶುರುವಾಗ್ಲಿ.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಲೋಕದಲ್ಲೆಲ್ಲಾ ಎಷ್ಟೋ ಸಭೆಗಳು ಸೃಷ್ಟಿಯ ಕಾಲ ಅಂತ ಆಚರಿಸ್ತಾವೆ. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪೇತ್ರಿಯಾರ್ಕರು, ಅಂದ್ರೆ ಅಲ್ಲಿನ ಮುಖ್ಯ ಧರ್ಮಗುರುಗಳು, ಸೆಪ್ಟೆಂಬರ್ 1ನ್ನ ಸೃಷ್ಟಿಗೋಸ್ಕರ ಪ್ರಾರ್ಥನೆಯ ದಿನ ಅಂತ ಕರೆ ಕೊಟ್ಟಿದ್ದು, 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕರಿಗೂ ಆ ದಿನನ ಗೊತ್ತು ಮಾಡಿದ್ರು, ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆ ವಾರಗಳಲ್ಲಿ ಒಂದು ಭಾನುವಾರದ ಆರಾಧನೆ ಸ್ತ್ರೀ ಸಂಘಕ್ಕೆ ಕೊಡಿ ಅಂತ ಸಭಾಪಾಲಕರಾದ ಅಯ್ಯನವರನ್ನ ಕೇಳಿ. ಪುಲ್‌ಪಿಟ್‌ನಿಂದ ಒಂದ್ಸಲ ಹೇಳಿದ್ಮೇಲೆ ಇದು ಆತ್ಮಿಕ ವಿಷಯ ಅಲ್ಲ ಅನ್ನೋಕೆ ಯಾರಿಗೂ ಆಗಲ್ಲ.

ಪ್ರಶ್ನೆ: ನಂಗೆ 78 ವರ್ಷ ತಂಗಿ. ಮಂಡಿ ಎರಡೂ ಹೋಗಿದೆ, ಮನೆ ಹೊಸಿಲು ದಾಟೋದೇ ಕಷ್ಟ. ಲೋಕ ಹೊಸದು ಮಾಡೋದೆಲ್ಲಾ ಓದೋಕೆ ಚೆನ್ನಾಗಿದೆ, ನನ್ನಂಥವರು ಏನ್ ಮಾಡ್ಲಿ?
(ಒಬ್ಬ ಅಜ್ಜಿ, ಮಂಡ್ಯ)

ಉತ್ತರ: ಅಕ್ಕಾ, ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪ ಊರಿನ ತಬಿಥಾ ಇದ್ದಾಳಲ್ಲ, ದೊರ್ಕ ಅಂತ್ಲೂ ಹೆಸರು. ಅವಳು ಎಲ್ಲೂ ಪ್ರಸಂಗ ಮಾಡಿದ್ದು ಬರೆದಿಲ್ಲ. ಅವಳು ಸತ್ತಾಗ ವಿಧವೆಯರೆಲ್ಲಾ ಅಳ್ತಾ ಅವಳು ಹೊಲಿದುಕೊಟ್ಟ ಬಟ್ಟೆಗಳನ್ನ ಹಿಡ್ಕೊಂಡು ಬಂದು ಪೇತ್ರನಿಗೆ ತೋರಿಸಿದ್ರು. ನೀವು ಪತ್ರದ ಕೊನೇಲಿ, ಮೊಮ್ಮಗನ ಹರಿದ ಶರ್ಟಿಗೆ ತೇಪೆ ಹಾಕ್ತಾ ಇದನ್ನ ಬರೆದೆ ಅಂದಿದ್ದೀರಿ. ನೀವು ಆಗಲೇ ಮಾಡ್ತಿದ್ದೀರಿ. ಅಕ್ಕಪಕ್ಕದ ಮಕ್ಕಳ ಹರಿದ ಬಟ್ಟೆನೂ ಕಳಿಸೋಕೆ ಹೇಳಿ, ಸೂಜಿಗೆ ದಾರ ಪೋಣಿಸೋಕೆ ಆ ಮಕ್ಕಳನ್ನೇ ಕೂರಿಸ್ಕೊಳ್ಳಿ, ಬಟನ್ ಹಾಕೋದು ಕಲ್ಸಿ. ಹಿತ್ತಲಲ್ಲಿ ಅವರೆ, ಹೀರೆ, ಕುಂಬಳ ಬೆಳೀತಿದ್ದವರು ನೀವು, ಆ ಬೀಜ ಬೂದಿ ಹಚ್ಚಿ ಎತ್ತಿಡೋದು ನಿಮಗೆ ಬರುತ್ತೆ, ಈಗಿನ ಹುಡುಗರಿಗೆ ಬರಲ್ಲ. ಅದನ್ನೂ ಹೇಳ್ಕೊಡಿ.

ಪ್ರಶ್ನೆ: ಗಿಡ, ನೀರು, ಸೇವೆ ಎಲ್ಲಾ ಸರಿ ಮೇಡಂ. ಆದ್ರೆ ಹಕ್ಕು, ಹೋರಾಟ ಅಂತ ಸಭೆಗಳು ರಾಜಕೀಯಕ್ಕೆ ಇಳಿಯೋದು ಸರೀನಾ? ಯೇಸು ಸ್ವಾಮಿ ಸಮಾಧಾನದ ಪ್ರಭು ಅಲ್ವಾ?
(ನಿವೃತ್ತ ನೌಕರರು, ಕೋಲಾರ)

ಉತ್ತರ: ಸರ್, ನೀವು ಕೋಲಾರದವರು ಅಂತ ನೋಡಿ ನಿಮ್ಮ ಜಿಲ್ಲೇದೇ ಹೇಳ್ತೀನಿ. ಕೆಜಿಎಫ್‌ನಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಅವರ ಮನೆಯವರ ಕೆಲಸ ಒಣ ಪಾಯಿಖಾನೆ ಬಳಿಯೋದು. ಓದಿದ್ಮೇಲೂ ಇದೇ ಕೆಲಸ ನಿಮ್ಮ ಪಾಲು ಅಂತ ಲೋಕ ಹೇಳ್ತು, ಅವರು ಒಪ್ಪಲಿಲ್ಲ, ದೇಶ ಎಲ್ಲಾ ತಿರುಗಿ ಸಫಾಯಿ ಕರ್ಮಚಾರಿಗಳನ್ನ ಒಟ್ಟುಗೂಡಿಸಿದ್ರು, ಕೋರ್ಟಿಗೆ ಹೋದ್ರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರೋದನ್ನ ನಿಷೇಧ ಮಾಡಿ ಮೊದಲು 1993ರಲ್ಲಿ, ಮತ್ತೆ 2013ರಲ್ಲಿ ಕಾನೂನು ಬಂದಿದೆ, ಆದ್ರೂ ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಪೇಪರ್‌ನಲ್ಲಿ ಬರೋದು ನಿಂತಿಲ್ಲ. ಆ ಗುಂಡಿಗೆ ಇಳಿದವನಿಗೆ ನಾವು ಒಂದು ಹೊದಿಕೆ, ಒಂದು ಕ್ರಿಸ್‌ಮಸ್ ಕೇಕ್ ಕೊಟ್ಟು ಬಂದ್ರೆ ಯೆಶಾಯ 58 ಮುಗೀತಾ? ನೊಗಕ್ಕೆ ಹತ್ತಿ ಸುತ್ತೋಕೆ ಹೇಳಿಲ್ಲ ಸರ್ ಅಲ್ಲಿ, ಮುರೀಬೇಕು ಅಂತ ಹೇಳಿದೆ.

ಪಾರ್ಟಿ ರಾಜಕೀಯ ಸಭೆಗೆ ಬೇಡ, ಅದನ್ನ ಒಪ್ತೀನಿ, ಪುಲ್‌ಪಿಟ್‌ನಿಂದ ಓಟು ಕೇಳೋದು ನಂಗೂ ಇಷ್ಟ ಇಲ್ಲ. ಇನ್ನೂ ಒಂದು ಹೇಳ್ಲೇಬೇಕು, ಬೀದಿಗೆ ಇಳಿಯೋ ಮುಂಚೆ ನಮ್ಮ ಸಭೆಗಳ ಒಳಗೆ ನೋಡ್ಕೋಬೇಕು. ಒಂದೇ ರೊಟ್ಟಿ ಮುರೀತೀವಿ, ಮದುವೆ ಮಾತು ಬಂದಾಗ ಯಾವ ಜಾತಿಯಿಂದ ಬಂದವರು ಅಂತ ಕೇಳ್ತೀವಿ. ದೇವಾಲಯ ಗುಡಿಸೋ ಹೆಂಗಸಿಗೆ ಕನಿಷ್ಠ ಕೂಲಿ ಕೊಡ್ತಿದ್ದೀವಾ ಅಂತ ಮುಂದಿನ ಜನರಲ್ ಬಾಡಿ ಮೀಟಿಂಗ್‌ನಲ್ಲಿ ನೀವೇ ಕೇಳಿ ನೋಡಿ. ನೀವು ಆಫೀಸಿನಲ್ಲಿ ಕೆಲಸ ಮಾಡಿದವರು, ನಿಯಮ ಗೊತ್ತಿರೋರು, ನೀವು ಕೇಳಿದ್ರೆ ಬೆಲೆ ಇರುತ್ತೆ.

ಪ್ರಶ್ನೆ: ಟೀಚರ್, ನಾಲ್ಕು ವರ್ಷದಿಂದ ನಮ್ಮ ಏರಿಯಾದ ಕೆರೆಗೋಸ್ಕರ ವೀಕೆಂಡ್ ಎಲ್ಲಾ ಹಾಕಿದ್ದೀನಿ. ಎರಡು ಸಲ ಪೂರ್ತಿ ಅಂತರಗಂಗೆ ತೆಗೆಸಿದ್ವಿ. ಈ ಸಲ ಮತ್ತೆ ತುಂಬ್ಕೊಂಡಿದೆ. ಮೊನ್ನೆ ದಡದಲ್ಲಿ ಕೂತು ಅತ್ತುಬಿಟ್ಟೆ. ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ. ದೇವರು ಹೊಸದು ಮಾಡ್ತಾರೆ ಅಂದ್ರೆ ಎಲ್ಲಿ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ನಿನ್ನ ಪತ್ರ ಎರಡು ಸಲ ಓದಿದೆ ಮಗನೇ. ನೀನು ಅತ್ತಿದ್ದೇ ಪ್ರಾರ್ಥನೆ, ಬೇರೆ ಮಾತು ಸಿಗದಿದ್ರೆ ಬೇಡ. ಆಗಲೇ ಹೇಳಿದ ರೋಮಾಪುರದವರಿಗೆ 8ರಲ್ಲೇ, ಏನ್ ಬೇಡ್ಬೇಕು ಅಂತ ಗೊತ್ತಾಗದೆ ಇರೋವಾಗ ಪವಿತ್ರಾತ್ಮರೇ ಮಾತಿಲ್ಲದ ನರಳಾಟದಲ್ಲಿ ನಮಗೋಸ್ಕರ ಬೇಡ್ತಾರೆ ಅಂತ ಇದೆ.

ಆದ್ರೆ ಅಂತರಗಂಗೆ ಯಾಕೆ ವಾಪಸ್ ಬಂತು ಅನ್ನೋದನ್ನೂ ನೋಡ್ಬೇಕು. ಅದು ನಿನ್ನ ಸೋಲಲ್ಲ, ಅದಕ್ಕೆ ಊಟ ಸಿಗ್ತಿದೆ. ಮನೆಗಳ ಕೊಳಚೆ ನೀರಲ್ಲಿ, ಸೋಪಿನ ಪುಡೀಲಿ ಇರೋ ಸಾರಜನಕ, ರಂಜಕ ಅದಕ್ಕೆ ಗೊಬ್ಬರ, ಹದ ಸಿಕ್ಕಿದ್ರೆ ಎರಡೇ ವಾರದಲ್ಲಿ ಎರಡರಷ್ಟು ಆಗೋ ಕಳೆ ಅದು. ಒಳಗೆ ಬರೋ ಕೊಳಚೆ ನಿಲ್ಲದೆ ನೀನು ಎಷ್ಟು ಸಲ ತೆಗೆದ್ರೂ ಅದು ಬರುತ್ತೆ. ಬೆಳ್ಳಂದೂರು ಕೆರೆ 2015ರಲ್ಲಿ, ಮತ್ತೆ 2017ರಲ್ಲಿ ಬೆಂಕಿ ಹತ್ಕೊಂಡು ಉರಿದಿದ್ದು ನಿನಗೆ ಗೊತ್ತು, ಅದು ಕೂಡ ಊರಿನ ಕೊಳಚೆಯ ಫಲನೇ. ಜಕ್ಕೂರು ಕೆರೆಗೆ ಹೋಗಿ ನೋಡು, ಅಲ್ಲಿ ಕೊಳಚೆ ನೀರು ಮೊದ್ಲು ಶುದ್ಧೀಕರಣ ಘಟಕಕ್ಕೆ ಹೋಗುತ್ತೆ, ಆಮೇಲೆ ಆಪು, ಜೊಂಡು ಬೆಳೆದ ಜೌಗಿನ ಮೂಲಕ ನಿಧಾನಕ್ಕೆ ಹಾದು ಕೆರೆಗೆ ಇಳಿಯುತ್ತೆ. ಕೈಕೊಂಡ್ರಹಳ್ಳಿ ಕೆರೇಲೂ ಅಲ್ಲಿನ ಜನ ಬೆನ್ನು ಬಿಡದೆ ಕೆಲಸ ಮಾಡಿಸಿದ್ದಾರೆ. ಅಂದ್ರೆ ಇನ್ನು ಮೇಲೆ ನಿನ್ನ ಕೆಲಸ ನೀರೊಳಗೆ ಕಡಿಮೆ, ದಡದ ಮೇಲೆ ಜಾಸ್ತಿ, ಅರ್ಜಿ, ಮೀಟಿಂಗ್, ಆರ್‌ಟಿಐ, ಅಪಾರ್ಟ್‌ಮೆಂಟ್ ಸಂಘದವರ ಮುಂದೆ ಕೂತು ನಿಮ್ಮ ಪೈಪು ಎಲ್ಲಿಗೆ ಹೋಗುತ್ತೆ ಅಂತ ಕೇಳೋದು. ಇದು ಫೋಟೋಗೆ ಚೆನ್ನಾಗಿ ಬರಲ್ಲ, ವಾಲಂಟಿಯರ್ಸ್ ಕಡಿಮೆ ಆಗ್ತಾರೆ, ಗೊತ್ತು.

ಇನ್ನೊಂದು. ಯಾಜಕಕಾಂಡ 25ರಲ್ಲಿ ಏಳನೇ ವರ್ಷ ಭೂಮಿಗೇ ರಜ, ಉಳಬಾರದು, ಬಿತ್ತಬಾರದು. ವಾರದ ಏಳನೇ ದಿನ ಎತ್ತಿಗೂ ರಜ, ಆಳಿಗೂ ರಜ. ನಾಲ್ಕು ವರ್ಷದಿಂದ ಎಲ್ಲಾ ವೀಕೆಂಡ್ ಅಂತ ಬರೆದಿದ್ದೀಯ, ಅದು ಓದಿ ನಂಗೆ ಭಯ ಆಯ್ತು. ಲೋಕಕ್ಕೆ ರಕ್ಷಕರು ಒಬ್ಬರು ಇದ್ದಾರೆ, ಆ ಕೆಲಸ ನಿನ್ನ ಮೇಲೆ ಬಿದ್ದಿಲ್ಲ.

ನಮ್ಮಪ್ಪ ಸಭಾಪಾಲಕರಾಗಿ ಮಲೆನಾಡಲ್ಲಿದ್ದಾಗ ನಮಗೆ ಹಳೇ ಮಿಷನ್ ಮನೆ ಕೊಟ್ಟಿದ್ರು, ಮೇಲೆ ಬಾಸೆಲ್ ಮಿಷನ್ ಅಂತ ಅಚ್ಚು ಇದ್ದ ಹೆಂಚು. ಪ್ರತಿ ವರ್ಷ ಮೇ ತಿಂಗಳಲ್ಲಿ ಮಳೆಗೆ ಮುಂಚೆ ಹೆಂಚು ಕೈಯಾಡಿಸೋರು. ಒಂದೊಂದನ್ನೂ ಇಳಿಸಿ, ಪಾಚಿ ಕೆರೆದು, ಒಡೆದಿದ್ದನ್ನ ಬೇರೆ ಇಟ್ಟು, ಗೆದ್ದಲು ಹಿಡಿದ ರೀಪು ಬದಲಾಯಿಸಿ ಮತ್ತೆ ಹೊದಿಸೋರು, ನಾವು ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸ್ತಿದ್ವಿ. ಹೋದ ವರ್ಷ ಮಾಡಿದ್ವಲ್ಲಪ್ಪ ಮತ್ತೆ ಯಾಕೆ ಅಂತ ಒಂದ್ಸಲ ಕೇಳಿದ್ದೆ. ಹೋದ ವರ್ಷದ ಮಳೆಗೆ ಹೋದ ವರ್ಷ ಮಾಡಿದ್ವಿ ಕಣೆ ಅಂತ ಹೇಳಿ ಮುಂದಿನ ಹೆಂಚಿಗೆ ಕೈ ಚಾಚಿದ್ರು, ಅಷ್ಟೇ.

ಈ ಭಾನುವಾರ ಕೆರೆಗೆ ಹೋಗ್ಬೇಡ. ಆರಾಧನೆಗೆ ಹೋಗು, ಅಮ್ಮನಿಗೆ ಫೋನ್ ಮಾಡು, ಹೊಟ್ಟೆ ತುಂಬಾ ಊಟ ಮಾಡಿ ಮಲಗು. ಅದರ ಮುಂದಿನ ವಾರ ಒಬ್ಬ ಗೆಳೆಯನ್ನ ಜೊತೆಗೆ ಕರ್ಕೊಂಡು ಕೆರೆ ಒಳಹರಿವಿನ ಕಾಲುವೆ ಹಿಡ್ಕೊಂಡು ಮೇಲಕ್ಕೆ ನಡೆದು ಹೋಗು, ಎಲ್ಲೆಲ್ಲಿ ಪೈಪು ಬಂದು ಸೇರ್ತಿದೆ ಅಂತ ಗುರುತು ಹಾಕ್ಕೋ. ಎಷ್ಟು ಸಿಕ್ತು ಅಂತ ನಂಗೆ ಬರೀಬೇಕು, ಮುಂದಿನ ಸಂಚಿಕೇಲಿ ಜಾಗ ಇಟ್ಟಿರ್ತೀನಿ.